ಯಾವ ಸಮುದ್ರದ ಬಣ್ಣ?

ಕಾರವಾರ, 12 ಜುಲೈ 2025, ಶನಿವಾರ

ಶಿರಸಿಯ ಅಕ್ಕ ಒಬ್ಬರು ಮಗಳಿಗೊಂದು ಮಣಿಸರ ಮಾಡಿಕೊಡಿ ಅಂದಿದ್ದರು. ಮಗಳು ಓದಲು ಬೆಂಗಳೂರಿಗೆ ಹೊರಟಿದ್ದಾಳೆ. ಉದ್ದ 18 ಇಂಚು ಇರಬೇಕು, ದಿನಾ ಹಾಕಿಕೊಳ್ಳುವಂತಿರಬೇಕು, ಸಮುದ್ರದ ಬಣ್ಣ ಇರಬೇಕು. ಹೇಳಿದ್ದು ಇಷ್ಟೇ. ಇವತ್ತು ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅದೇ ಕೆಲಸಕ್ಕೆ ಕೂತೆ.

ಸಮುದ್ರದ ಬಣ್ಣ ಅಂದರೆ ಯಾವುದು? ಘಟ್ಟದ ಮೇಲಿನವರಿಗೆ ಸಮುದ್ರ ನೀಲಿ. ಡಿಸೆಂಬರ್ ರಜೆಯಲ್ಲಿ ದೇವಿಮನೆ ಘಟ್ಟ ಇಳಿದು ಬಂದು ನೋಡಿದರೆ ನೀಲಿಯೇ ಕಾಣುತ್ತದೆ, ಸುಳ್ಳೇನಲ್ಲ. ಈಗ ಕೋಡಿಬಾಗದ ಕಡೆ ಹೋಗಿ ನಿಂತು ನೋಡಬೇಕು. ಕಾಳಿ ನದಿ ಘಟ್ಟದ ಕೆಂಪು ಮಣ್ಣನ್ನೆಲ್ಲ ಹೊತ್ತು ತಂದು ಸುರಿಯುತ್ತಿದೆ. ದಡದ ಹತ್ತಿರದ ನೀರು ಹಾಲು ಕಮ್ಮಿ ಹಾಕಿದ ಚಹಾದ ಹಾಗಿದೆ. ಸ್ವಲ್ಪ ದೂರದಲ್ಲಿ ಬೂದು, ಅದರಾಚೆ ಒಂದು ಪಟ್ಟಿ ಹಸಿರು. ಯಂತ್ರದ ಬೋಟುಗಳ ಮೀನುಗಾರಿಕೆಗೆ ಜುಲೈ ಕೊನೆಯವರೆಗೂ ರಜೆ, ಬೈತಖೋಲದಲ್ಲಿ ಬೋಟುಗಳು ಸಾಲಾಗಿ ನಿಂತಿವೆ. ಇಲ್ಲಿ ಬೆಳೆದವರಿಗೆ ಇದೂ ಸಮುದ್ರವೇ ಅಲ್ವಾ? ಹಾಗಾಗಿ ಬರೀ ನೀಲಿ ಮಣಿ ಪೋಣಿಸಿ ಕೊಡಲು ಮನಸ್ಸು ಒಪ್ಪಲಿಲ್ಲ.

ನನ್ನ ಹತ್ತಿರ ಪುರ್ದಿಲ್‌ನಗರದ ಗಾಜಿನ ಮಣಿಗಳಿದ್ದವು. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಊರು ಅದು. ಅಲ್ಲಿ ಮನೆಮನೆಯಲ್ಲಿ ಗಾಜಿನ ಮಣಿ ಮಾಡುತ್ತಾರೆ. ಗಾಜಿನ ಕಡ್ಡಿಯನ್ನು ಉರಿಗೆ ಹಿಡಿಯುತ್ತಾರೆ. ಅದು ಕರಗಿ ಜೇನಿನಷ್ಟು ಮೆತ್ತಗಾದಾಗ ತೆಳ್ಳಗಿನ ಕಬ್ಬಿಣದ ತಂತಿಗೆ ಸುತ್ತುತ್ತಾರೆ. ಕೈ ತಿರುಗಿಸುತ್ತಲೇ ಇರಬೇಕು. ನಿಂತರೆ ಗಾಜು ಒಂದು ಕಡೆ ಇಳಿದುಬಿಡುತ್ತದೆ. ಮೇಲಿನ ಚುಕ್ಕಿ, ಗೆರೆ, ಹೂವು ಎಲ್ಲ ಬೇರೆ ಬಣ್ಣದ ಗಾಜನ್ನು ಕರಗಿಸಿ ಇಟ್ಟದ್ದು. ಅದು ಪೇಂಟ್ ಅಲ್ಲ, ಉಜ್ಜಿದರೆ ಹೋಗಲ್ಲ. ಬಣ್ಣ ಬರುವುದು ಗಾಜಿಗೆ ಸೇರಿಸಿದ ಲೋಹದಿಂದ. ಕಡು ನೀಲಿಗೆ ಕೋಬಾಲ್ಟ್, ಅದೂ ಚೂರೇ ಚೂರು ಸಾಕು. ನವಿಲಿನ ಹಸಿರು ನೀಲಿಗೆ ತಾಮ್ರ. ನೇರಳೆಗೆ ಮ್ಯಾಂಗನೀಸ್.

ತಂತಿಗೆ ಮೊದಲೇ ಜೇಡಿಯಂಥ ಮಣ್ಣು ಬಳಿದಿರುತ್ತಾರೆ, ಗಾಜು ಅಂಟಿಕೊಳ್ಳದಿರಲಿ ಅಂತ. ಮಣಿ ತಣ್ಣಗಾದ ಮೇಲೆ ತಂತಿ ಎಳೆದರೆ ತೂತು ಉಳಿಯುತ್ತದೆ. ತಣ್ಣಗಾಗುವುದೂ ನಿಧಾನವಾಗಿ ಆಗಬೇಕು. ಈ ಗಾಜನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಟ್ಟು ಮೆಲ್ಲಗೆ ಇಳಿಸಬೇಕು. ಗಡಿಬಿಡಿ ಮಾಡಿದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ ಒಳಗಿನದು ಆಮೇಲೆ ಕುಗ್ಗುತ್ತದೆ. ಆ ಎಳೆತ ಮಣಿಯೊಳಗೇ ಉಳಿಯುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಸುಮ್ನೆ ಇಟ್ಟಲ್ಲೇ ಸೀಳುತ್ತದೆ. ಪಾರದರ್ಶಕ ಮಣಿಯಾದರೆ ಇದನ್ನು ಪರೀಕ್ಷೆ ಮಾಡಬಹುದು. ಪೋಲರಾಯ್ಡ್ ತಂಪು ಕನ್ನಡಕದ ಎರಡು ಗಾಜನ್ನು ಅಡ್ಡಡ್ಡ ಹಿಡಿದರೆ ಬೆಳಕು ಕತ್ತಲಾಗುತ್ತದೆ. ನಡುವೆ ಮಣಿ ಹಿಡಿದು ಬೆಳಕಿಗೆ ನೋಡಬೇಕು. ಎಳೆತ ಇದ್ದ ಕಡೆ ಬೆಳಕಿನ ಪಟ್ಟಿ ಕಾಣುತ್ತದೆ. ಇವತ್ತು ಎಲ್ಲ ಮಣಿಗಳನ್ನೂ ಹೀಗೆ ನೋಡಿದೆ. ಎರಡನ್ನು ತೆಗೆದಿಟ್ಟೆ.

ಉಳಿದವುಗಳಲ್ಲಿ ಏಳು ಆರಿಸಿದೆ. ಸುಮಾರು 15 ಮಿಲಿಮೀಟರ್ ದಪ್ಪ. ಸುಮಾರು ಅಂತಲೇ ಹೇಳಬೇಕು. ಒಂದು 14, ಇನ್ನೊಂದು 16, ಒಂದು ಪಕ್ಕ ಸ್ವಲ್ಪ ಚಪ್ಪಟೆ. ಹಸಿರು ನೀಲಿಯವು ನಾಲ್ಕು, ಬೂದಿಯವು ಎರಡು. ಏಳನೆಯದು ನನಗೆ ತುಂಬ ಇಷ್ಟವಾದದ್ದು. ನೀಲಿಯೊಳಗೆ ಕಂದು ಬಣ್ಣದ ಒಂದು ಎಳೆ ಹರಿದಿದೆ. ಪಕ್ಕ ಚಪ್ಪಟೆ ಇರುವುದೂ ಇದೇ. ಕೋಡಿಬಾಗದಲ್ಲಿ ಹೊಳೆ ನೀರೂ ಕಡಲ ನೀರೂ ಸೇರುವ ಗೆರೆ ಹಾಗೇ ಇರುತ್ತದೆ. ಮಾಡಿದವರು ಕಾಳಿ ನದಿಯನ್ನು ನೋಡಿರಲಿಕ್ಕಿಲ್ಲ. ಉರಿಯ ಮುಂದೆ ಕೂತು ಎರಡು ಕಡ್ಡಿ ಸೇರಿಸಿದಾಗ ಬಂದದ್ದು. ಅದನ್ನು ನಟ್ಟ ನಡುವೆ ಇಟ್ಟೆ.

ಕಾರ್ಖಾನೆ ಮಣಿಯನ್ನು ಕಣ್ಣು ಮುಚ್ಚಿ ಪೋಣಿಸಬಹುದು, ಎಲ್ಲ ಒಂದೇ. ಕೈಯಲ್ಲಿ ಮಾಡಿದ ಮಣಿಯನ್ನು ಒಂದೊಂದಾಗಿ ತಿರುಗಿಸಿ ನೋಡಬೇಕು. ಯಾವ ಮುಖ ಹೊರಗೆ ಬರಬೇಕು, ಯಾವುದರ ಪಕ್ಕ ಯಾವುದು ಕೂತರೆ ಎರಡೂ ಕಳೆಗಟ್ಟುತ್ತವೆ, ಇದೇ ನನ್ನ ಕೆಲಸ. ಚಪ್ಪಟೆ ಇದ್ದದ್ದನ್ನು ಹಿಂದೆ ಅಡಗಿಸುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ಚಪ್ಪಟೆ ಕಡೆ ಕುತ್ತಿಗೆಗೆ ಒರಗಿ ಕೂತರೆ ಮಣಿ ಉರುಳಲ್ಲ, ಕಂದು ಎಳೆ ಯಾವಾಗಲೂ ಮುಂದೆಯೇ ಇರುತ್ತದೆ. ಅದೇ ಲಾಭ ಅಲ್ವಾ?

ತೂತುಗಳ ಕೆಲಸಕ್ಕೆ ಅರ್ಧ ಬೆಳಿಗ್ಗೆ ಹೋಯಿತು. ತಂತಿಗೆ ಬಳಿದ ಮಣ್ಣು ಒಳಗೆ ಉಳಿದಿರುತ್ತದೆ. ಮಣಿಯನ್ನು ನೀರಿನಲ್ಲಿ ಮುಳುಗಿಸಿಕೊಂಡೇ ಸಣ್ಣ ಅರದಿಂದ ತಿಕ್ಕಬೇಕು. ಒಣಗಿದ್ದಾಗ ತಿಕ್ಕಿದರೆ ಪುಡಿ ಮೂಗಿಗೆ ಹೋಗುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಣ್ಣು ಹೋದ ಮೇಲೆ ಬಣ್ಣವೇ ಬೇರೆ. ಪಾರದರ್ಶಕ ಗಾಜಿನಲ್ಲಿ ಒಳಗಿನ ಕೊಳೆಯೂ ಕಾಣುತ್ತದೆ, ದಾರದ ಬಣ್ಣವೂ ಕಾಣುತ್ತದೆ. ಬಿಳಿ ದಾರ ಹಾಕಿದರೆ ಮಣಿ ಬೆಳಗುತ್ತದೆ, ಕಪ್ಪು ದಾರ ಹಾಕಿದರೆ ಅದೇ ಮಣಿ ಮಂಕು. ತೂತಿನ ಬಾಯಿ ಚೂಪಾಗಿದ್ದರೆ ಅದನ್ನೂ ಉಜ್ಜಿ ನಯ ಮಾಡಬೇಕು. ಸರ ಹರಿಯುವುದಕ್ಕೆ ತೂಕಕ್ಕಿಂತ ಜಾಸ್ತಿ ಕಾರಣ ಈ ಅಂಚು.

ಈಗ ತೂಕದ ಲೆಕ್ಕ. 15 ಮಿಲಿಮೀಟರಿನ ಗಾಜಿನ ಗುಂಡು ಒಂದಕ್ಕೆ ನಾಲ್ಕು ಗ್ರಾಂಗಿಂತ ಸ್ವಲ್ಪ ಮೇಲೆ. 18 ಇಂಚು ಪೂರ್ತಿ ಇದನ್ನೇ ತುಂಬಿದರೆ 30 ಮಣಿ ಬೇಕು, 130 ಗ್ರಾಂ ಆಗುತ್ತದೆ. ದಿನಾ ಕಾಲೇಜಿಗೆ ಹಾಕಿಕೊಂಡು ಹೋಗುವ ಹುಡುಗಿಗೆ ಅದು ಭಾರ. ಏಳೇ ಹಾಕಿದರೆ 31 ಗ್ರಾಂ ಹತ್ತಿರ. ಆದರೂ ಒಂದೇ ದಾರದಲ್ಲಿ ನೇತಾಡಿದರೆ ಹಿಂದೆ ಕುತ್ತಿಗೆ ಒತ್ತುತ್ತದೆ.

ಇದಕ್ಕೆ ದಾರಿ ತೋರಿಸಿದವರು ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹೆಂಗಸರು. ಮಣಿ ಕೆಲಸ ಕಲಿಯುವವರು ಬೇರೆ ಬೇರೆ ದೇಶದ ವಿಡಿಯೋ ನೋಡುತ್ತಾರೆ, ನೋಡಲಿ. ಅಂಕೋಲಾ, ಕುಮಟಾ ಪೇಟೆಯಲ್ಲಿ ತರಕಾರಿ ಮಾರುವ ಅಜ್ಜಿಯ ಕೊರಳನ್ನೂ ಒಮ್ಮೆ ಗಮನ ಇಟ್ಟು ನೋಡಬೇಕು. 2021ರ ನವೆಂಬರಿನಲ್ಲಿ ಅದೇ ಸಮುದಾಯದ ತುಳಸಿ ಗೌಡ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರಲ್ಲ, ಆ ಫೋಟೋ ಎಲ್ಲರೂ ನೋಡಿದ್ದಾರೆ. ಎಲ್ಲರೂ ಬರಿಗಾಲಿನ ಮಾತಾಡಿದರು. ನನ್ನ ಕಣ್ಣು ಹೋದದ್ದು ಕೊರಳ ತುಂಬ ಇದ್ದ ಮಣಿಸರದ ಮೇಲೆ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗಲೂ ಅದೇ ಉಡುಗೆ, ಅದೇ ಮಣಿ. ಗಿಡ ಬೆಳೆಸಿದ ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು. ಹಾಡಿನ ಸುಕ್ರಜ್ಜಿ ಈ ವರ್ಷ ಫೆಬ್ರವರಿಯಲ್ಲಿ ಹೋದರು. ಎರಡು ತಿಂಗಳ ಒಳಗೆ ಇಬ್ಬರೂ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಅಂಕೋಲಾ ಪೇಟೆಯಲ್ಲಿ ನನಗೆ ಪರಿಚಯದ ಅಜ್ಜಿಯೊಬ್ಬರಿದ್ದಾರೆ. ಬಸಳೆ, ಹರಿವೆ ಮಾರುತ್ತಾರೆ. ಅವರ ಪಕ್ಕ ಕೂತು ಸರಗಳನ್ನು ಮುಟ್ಟಿ ನೋಡಿದ್ದೇನೆ. ಒಂದೊಂದು ಎಳೆಯೂ ತೆಳ್ಳಗೆ, ಮಣಿ ಸಣ್ಣದು. ಎಳೆಗಳು ಮಾತ್ರ ಬಹಳ. ಎಲ್ಲ ಒಂದೇ ಉದ್ದ ಇಲ್ಲ, ಒಂದರ ಕೆಳಗೊಂದು ಬರುವಂತೆ ಸ್ವಲ್ಪ ಸ್ವಲ್ಪ ಹೆಚ್ಚು. ಹಾಗಾಗಿ ಭಾರ ಒಂದು ಗೆರೆಯ ಮೇಲೆ ಬೀಳದೆ ಕುತ್ತಿಗೆ, ಹೆಗಲು, ಎದೆ ಎಲ್ಲ ಕಡೆ ಹಂಚಿ ಹೋಗುತ್ತದೆ. ಒಂದು ಎಳೆ ಹರಿದರೆ ಉಳಿದವು ಇರುತ್ತವೆ. "ಗದ್ದೆ ಕೆಲಸಕ್ಕೆ ಬಗ್ಗಿದರೂ ಇವು ನನ್ನ ಸಂಗಡವೇ ಬಗ್ತವೆ" ಅಂದರು ಅಜ್ಜಿ. ದೇಹದ ಜೊತೆ ಬಾಗುವ ಒಡವೆ ಅಂದರೆ ಅದು. ಡಿಸೈನ್ ಶಾಲೆಯಲ್ಲಿ ಇದನ್ನು ಪಾಠ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಅಂಥ ಸಣ್ಣ ಗಾಜಿನ ಮಣಿಗಳನ್ನು ಮಾಡುವ ವಿದ್ಯೆ ನಮ್ಮ ದಕ್ಷಿಣದ್ದೇ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಾಗ ರಾಶಿ ರಾಶಿ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆಯೇ ಹಡಗು ಹತ್ತಿ ಪೂರ್ವದ ದೇಶಗಳಿಗೆ ಹೋಗುತ್ತಿದ್ದವು. ಕರಗಿದ ಗಾಜಿನ ದೊಡ್ಡ ಮುದ್ದೆಯೊಳಗೆ ಟೊಳ್ಳು ಮಾಡಿ, ಕುಲುಮೆಯಿಂದ ಉದ್ದಕ್ಕೆ ಕೊಳವೆಯಾಗಿ ಎಳೆಯುತ್ತಾರೆ. ಆಮೇಲೆ ಚೂರು ಚೂರು ಕತ್ತರಿಸಿ, ಬೂದಿಯಲ್ಲಿ ಹಾಕಿ ಮತ್ತೆ ಬಿಸಿ ಮಾಡಿದರೆ ಅಂಚು ಗುಂಡಗಾಗುತ್ತದೆ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಈ ಕೆಲಸ ನಮ್ಮ ಕಾಲದವರೆಗೂ ಉಳಿದು ಬಂತು.

ಸರಿ, ನನ್ನ ಸರಕ್ಕೆ ಬರುತ್ತೇನೆ. ಮುಂದಿನ ಆರು ಇಂಚಿನಲ್ಲಿ ಏಳು ದೊಡ್ಡ ಮಣಿ. ಆ ಕಡೆ ಆರು, ಈ ಕಡೆ ಆರು ಇಂಚು, ಒಂದೊಂದು ಕಡೆಗೂ ಮೂರು ಮೂರು ಸಣ್ಣ ಎಳೆ. 2 ಮಿಲಿಮೀಟರ್ ದಪ್ಪದ ಮಣಿ, ಉದ್ದ ಅದಕ್ಕಿಂತ ಕಮ್ಮಿ, ಇಂಚಿಗೆ ಸುಮಾರು 18 ಹಿಡಿಯುತ್ತವೆ. ಅಂದರೆ 650ರ ಹತ್ತಿರ. ಬಣ್ಣ ಬೂದು, ಹಸಿರು ಮತ್ತು ಸ್ವಲ್ಪ ಕಂದು ಬೆರಕೆ. ಎಣಿಸಿ ಜೋಡಿಸಲಿಲ್ಲ, ಬಟ್ಟಲಲ್ಲಿ ಕಲಸಿ ಸೂಜಿಗೆ ಸಿಕ್ಕ ಹಾಗೆ ತಗೊಂಡೆ. ಮಧ್ಯಾಹ್ನ ಕರೆಂಟ್ ಹೋಯಿತು. ಕಿಟಕಿ ಪಕ್ಕ ಕೂತು ಪೋಣಿಸಿದೆ. ಮಳೆಗಾಲದ ಬೆಳಕಿನಲ್ಲಿ ಬೂದು ಬಣ್ಣದ ಬೇರೆ ಬೇರೆ ಛಾಯೆ ಟ್ಯೂಬ್‌ಲೈಟಿಗಿಂತ ಚೆನ್ನಾಗಿ ತಿಳಿಯುತ್ತದೆ.

ಗಾಜಿಗೆ ಗಾಜು ತಾಗಿದರೆ ತೂತಿನ ಬಾಯಲ್ಲಿ ಚಕ್ಕೆ ಏಳುತ್ತದೆ. ಅದಕ್ಕೆ ದೊಡ್ಡ ಮಣಿಗಳ ನಡುವೆ ಚನ್ನಪಟ್ಟಣದ ಮರದ ಮಣಿ ಹಾಕಿದೆ. ಹಾಲೆ ಮರದ್ದು, ಅರಗಿನ ಬಣ್ಣದ್ದು. ಕಡೆಯುವ ಯಂತ್ರದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಅರಗಿಗೆ ಆಲ್ಕೋಹಾಲ್ ಆಗುವುದಿಲ್ಲ. ಸೆಂಟ್, ಸ್ಯಾನಿಟೈಸರ್ ತಾಗಿದರೆ ಬಣ್ಣ ಅಂಟಂಟಾಗುತ್ತದೆ. ಇದನ್ನು ಹುಡುಗಿಗೆ ಚೀಟಿಯಲ್ಲಿ ಬರೆದು ಕೊಡಬೇಕು.

ಒಂದು ಸಣ್ಣ ಉಪಾಯ ಇಲ್ಲಿ ಬರೆದಿಡುತ್ತೇನೆ, ಹೊಸದಾಗಿ ಮಾಡುವವರಿಗೆ ಉಪಯೋಗಕ್ಕೆ ಬರಲಿ. ಉರಿಯಲ್ಲಿ ಸುತ್ತಿದ ಮಣಿಯ ತೂತು ದೊಡ್ಡದು, 2 ಮಿಲಿಮೀಟರಿಗಿಂತ ಜಾಸ್ತಿ. ಸರ ಪೋಣಿಸುವ ತೆಳ್ಳಗಿನ ತಂತಿಯ ಮೇಲೆ ಅದು ಓಲಾಡುತ್ತದೆ, ಒಂದು ಮೇಲೆ ಒಂದು ಕೆಳಗೆ ಆಗುತ್ತದೆ. ಒಂದೂವರೆ ಮಿಲಿಮೀಟರಿನ ಸಣ್ಣ ಮಣಿಗಳನ್ನು ತಂತಿಗೆ ಪೋಣಿಸಿ ತೂತಿನೊಳಗೇ ತುಂಬಿಬಿಡಬೇಕು. ದೊಡ್ಡ ಮಣಿ ಅದರ ಮೇಲೆ ನೆಟ್ಟಗೆ ಕೂರುತ್ತದೆ, ತಂತಿಯೂ ಸವೆಯುವುದಿಲ್ಲ. ಒಳಗೆ ಬಿಳಿ ಮಣಿ ತುಂಬಿದ್ದರಿಂದ ಹಸಿರು ಗಾಜಿಗೆ ಬೆಳಕೂ ಬಂತು.

ತಂತಿ ನೈಲಾನ್ ಹೊದಿಕೆಯ ಸ್ಟೀಲಿನದು, 49 ಎಳೆ ಹೊಸೆದದ್ದು. ಎಳೆ ಜಾಸ್ತಿ ಇದ್ದಷ್ಟೂ ಮೆತ್ತಗೆ ಬಾಗುತ್ತದೆ. ರೇಷ್ಮೆ ದಾರ ಚೆಂದ, ಆದರೆ ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ರೇಷ್ಮೆ ತೇವ ಹೀರಿ ಜೋಲುತ್ತದೆ, ಬೂಸ್ಟು ಹಿಡಿಯುತ್ತದೆ. ಹಿತ್ತಾಳೆ ಕೊಂಡಿ ಈ ಉಪ್ಪು ಗಾಳಿಗೆ ಬೇಗ ಕಪ್ಪಾಗುತ್ತದೆ, ಹಸಿರು ಕಟ್ಟುತ್ತದೆ. ಬೆಂಗಳೂರಿಗೆ ಹೋದರೂ ರಜೆಗೆ ಬಂದೇ ಬರುತ್ತಾಳಲ್ಲ, ಬಂದರೆ ಕಡಲಿಗೂ ಇಳಿಯುತ್ತಾಳೆ. 316 ದರ್ಜೆಯ ಸ್ಟೀಲ್ ಕೊಂಡಿ ಹಾಕಿದೆ. ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. ರವಿವಾರದ ಸಂತೆಯಲ್ಲಿ ಮಣಿಸರ ಎಷ್ಟು ಸಸ್ತಾ ಸಿಗುತ್ತದೆ ಅಂತ ನನಗೂ ಗೊತ್ತು. ನಾನು ಹೇಳಿದ ಬೆಲೆಗೆ "ಗಾಜಿಗೆ ಇಷ್ಟಾ?" ಅನ್ನುವವರೂ ಸಿಗುತ್ತಾರೆ. ಏಳು ಮಣಿಯನ್ನೂ ಒಬ್ಬರು ಉರಿಯ ಮುಂದೆ ಕೂತು ಒಂದೊಂದಾಗಿ ಮಾಡಿದ್ದಾರೆ. ಮರದ ಮಣಿಗೆ ಇನ್ನೊಬ್ಬರು ಅರಗು ಹಚ್ಚಿದ್ದಾರೆ. ಮಣಿ ಕೊಳ್ಳುವಾಗ ನಾನು ಚೌಕಾಸಿ ಮಾಡುವುದಿಲ್ಲ, ಅದು ಅವರ ಕೂಲಿ. ಅದನ್ನು ಕಮ್ಮಿ ಮಾಡಿ ನನ್ನ ಸರವನ್ನು ಸಸ್ತಾ ಮಾಡಲಾರೆ. ಶಿರಸಿಯ ಅಕ್ಕ ಮಾತ್ರ ಒಂದು ಮಾತೂ ಕೇಳಲಿಲ್ಲ. ಅವರ ಮನೆಯವರು ಅಡಿಕೆ ಸುಲಿಯುವವರಿಗೆ ಕೂಲಿ ಲೆಕ್ಕ ಹಾಕಿದವರು, ಕೈಕೆಲಸ ಅಂದರೇನು ಅಂತ ತಿಳಿದವರು.

ಸಂಜೆ ಫೋಟೋ ಕಳಿಸಿದೆ. ಫೋನ್ ಮಾಡಿದರು. ಮೊದಲು ಸ್ವಲ್ಪ ಹೊತ್ತು ಮಾತಿಲ್ಲ. "ಇದರಲ್ಲಿ ನೀಲಿ ಕಮ್ಮಿ ಅಲ್ದಾ?" ಅಂದರು. ಈಗಿನ ಸಮುದ್ರದ ಫೋಟೋವನ್ನೂ ಕಳಿಸಿದೆ. ಆಮೇಲೆ ಮಗಳೇ ಫೋನ್ ತಗೊಂಡಳು. ಅವಳಿಗೆ ನಡುವಿನ ಕಂದು ಎಳೆಯ ಮಣಿಯೇ ಬೇಕಂತೆ, ಬೇರೆ ನೀಲಿ ಹಾಕುವುದು ಬೇಡವಂತೆ. ಜೊತೆಗೆ ಒಂದು ಜೋಡಿ ಕಿವಿಯೋಲೆಯನ್ನೂ ಕೇಳಿದಳು, ಅದೇ ಥರದ್ದು, ಎರಡೂ ಒಂದೇ ಥರ ಇರಲಿ ಅಂದಳು. ಒಂದೇ ಥರದ ಎರಡು ಇಲ್ಲ ಅಂದೆ. ಡಬ್ಬಿಯಲ್ಲಿ ಅದೇ ಕಂದು ನೀಲಿಯ ಸಣ್ಣ ಮಣಿ ಎರಡಿವೆ. ಒಂದರಲ್ಲಿ ನೀಲಿ ಜಾಸ್ತಿ, ಒಂದರಲ್ಲಿ ಮಣ್ಣಿನ ಬಣ್ಣ ಜಾಸ್ತಿ. ಅವನ್ನೂ ಬೆಳಕಿಗೆ ಹಿಡಿದು ತೋರಿಸಿದೆ. ಹಾಗಾದರೆ ನೀಲಿಯದು ಬಲಗಿವಿಗೆ ಅಂದಳು. ಕೊಕ್ಕೆ ಹಾಕಿ ಸೋಮವಾರ ಸರದ ಜೊತೆಗೇ ಶಿರಸಿಗೆ ಕಳಿಸುತ್ತೇನೆ.