ಜೋಡಿ ಫೋಟೋನೇ ಯಾಕೆ ಅಂತ ಕೇಳುವವರಿಗೆ

‘ಯಾವಾಗ್ಲೂ ಜೋಡಿ ಫೋಟೋನೇ ಯಾಕೆ ತೆಗೀತೀಯ? ಒಂದೇ ಹಕ್ಕಿ ಕಂಡರೆ ಬಿಟ್ಟು ಬರ್ತೀಯಾ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಓದದಿದ್ದರೆ ಅವರ ಪಾಡು.

ಹೌದು, ನನಗೆ ಎರಡಿರಬೇಕು. ಗೂಬೆ ಎರಡು, ಎತ್ತು ಎರಡು, ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ಎರಡು. ಕೇಳುವುದರಲ್ಲಿ ತಪ್ಪಿಲ್ಲ. ಕೇಳುವಾಗ ಮುಖದಲ್ಲೊಂದು ನಗು ಬರುತ್ತದಲ್ಲ, ‘ಓಹೋ, ಜೋಡೀನಾ!’ ಅನ್ನುವ ನಗು, ಅದು ನನಗೆ ಆಗಿಬರುವುದಿಲ್ಲ.

ನೆಂಟರ ಮನೆ ಗೃಹಪ್ರವೇಶ. ಮುಂದಿನ ಪಂಕ್ತಿಗೆ ಕಾಯುತ್ತಾ ಕೂತಿದ್ದಾಗ ದೊಡ್ಡಮ್ಮ ನನ್ನ ಫೋನ್ ಇಸ್ಕೊಂಡರು. ಮೊದಲು ಸಿಕ್ಕಿದ್ದು ಕೆರೆ ದಂಡೆಯಲ್ಲಿ ಒಂದಕ್ಕೊಂದು ಅಂಟಿ ಕೂತ ಸಣ್ಣ ಜಾತಿಯ ಏರೋಪ್ಲೇನ್ ಚಿಟ್ಟೆಗಳು. ‘ಅಯ್ಯೋ, ಎಷ್ಟು ಪ್ರೀತಿ ನೋಡೇ ಅವಕ್ಕೆ!’ ಅಂತ ಪಕ್ಕದವರಿಗೂ ತೋರಿಸಿದರು. ಪ್ರೀತಿ ಎಲ್ಲಿಂದ ಬಂತು? ಗಂಡು ಬಾಲದ ತುದಿಯ ಕೊಂಡಿಯಿಂದ ಹೆಣ್ಣಿನ ಕತ್ತು ಹಿಡಿದಿದೆ. ಅದು ಮೊಟ್ಟೆ ಇಟ್ಟು ಮುಗಿಸುವವರೆಗೂ ಬಿಡುವುದಿಲ್ಲ. ಬಿಟ್ಟರೆ ಇನ್ನೊಂದು ಗಂಡು ಬಂದು, ಮೊದಲಿನವನ ವೀರ್ಯವನ್ನು ಕೆರೆದು ಹೊರಹಾಕಿ ತನ್ನದನ್ನು ಸೇರಿಸುತ್ತದೆ. ಅದಕ್ಕೇ ಈ ಕಾವಲು. ಇದನ್ನೆಲ್ಲ ಹೋಳಿಗೆ ಊಟಕ್ಕೆ ಮುಂಚೆ ಹೇಗೆ ಹೇಳುವುದು? ಸುಮ್ನೆ ತಲೆಯಾಡಿಸಿದೆ.

ದೊಡ್ಡಮ್ಮ ಬೆರಳು ಸರಿಸಿದರು. ಪೊಟರೆ ಬಾಯಲ್ಲಿ ಮೈಗೆ ಮೈ ತಾಗಿಸಿ ಕೂತ ಚುಕ್ಕೆ ಚುಕ್ಕೆಯ ಎರಡು ಸಣ್ಣ ಗೂಬೆ, ಹಾಲಕ್ಕಿ ಅನ್ನುತ್ತೇವಲ್ಲ, ಅವು. ‘ಥೂ, ಹೊಸ ಮನೆ ಹೊಕ್ಕ ದಿನ ಗೂಬೆ ತೋರಿಸ್ತೀಯಲ್ಲೋ!’ ಫೋನ್ ಬೋರಲು ಬಿತ್ತು. ಅದೂ ಜೋಡೀನೇ. ಆದರೆ ಗೂಬೆಗೆ ಪ್ರೀತಿಯ ಕೋಟಾ ಇಲ್ಲ.

ಯಾರಾದರೂ ಒಬ್ಬರು, ‘ಎರಡರಲ್ಲಿ ಯಾವುದಕ್ಕೆ ಫೋಕಸ್ ಮಾಡಿದೆ?’ ಅಂತ ಕೇಳಬಾರದಾ? ಅದಕ್ಕಾದರೆ ಗಂಟೆಗಟ್ಟಲೆ ಉತ್ತರ ಹೇಳುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) 5.6, ಗೂಬೆ 10 ಮೀಟರ್ ದೂರ. ಆಗ ಮಸುಕಾಗದೆ ಸಿಗುವ ಆಳ ಹೆಚ್ಚುಕಮ್ಮಿ ಒಂದು ಗೇಣು. ಒಂದು ಮುಂದೆ, ಇನ್ನೊಂದು ಪೊಟರೆಯ ಒಳಗೆ ಕೂತಿದ್ದರೆ ಎರಡರಲ್ಲೊಂದು ಮಸುಕು. ಕಿಂಡಿ ಕಿರಿದು ಮಾಡಿ ಅಪರ್ಚರನ್ನು 11ಕ್ಕೆ ಇಟ್ಟರೆ ಎರಡು ಗೇಣು ಸಿಗುತ್ತದೆ, ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮರದ ನೆರಳಲ್ಲಿ ಶಟರ್ ನಿಧಾನವಾಗುತ್ತದೆ. ಅಷ್ಟರಲ್ಲಿ ಇವು ನಮ್ಮನ್ನು ದುರುಗುಟ್ಟಿ ನೋಡುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸಲು ಶುರು ಮಾಡುತ್ತವೆ. ಮುಗೀತು ಕಥೆ.

ಹಗಲಲ್ಲಿ ಸಾಮಾನ್ಯವಾಗಿ ಒಂದು ತೂಕಡಿಸುತ್ತಿರುತ್ತದೆ, ಇನ್ನೊಂದು ನಮ್ಮನ್ನೇ ನೋಡುತ್ತಿರುತ್ತದೆ. ಎಲ್ಲರೂ ಕಣ್ಣು ಬಿಟ್ಟಿರುವುದಕ್ಕೆ ಫೋಕಸ್ ಮಾಡುತ್ತಾರೆ. ನಾನು ತೂಕಡಿಸುವುದಕ್ಕೆ ಮಾಡುತ್ತೇನೆ. ಮಸುಕಾಗಿದ್ದರೂ ಆ ಹಳದಿ ಕಣ್ಣು ಹೇಗೂ ಎಳೆದುಕೊಳ್ಳುತ್ತದೆ. ಇನ್ನೊಂದನ್ನು ನಾವು ತೋರಿಸಿದರೇನೇ ಉಂಟು.

ಒಂದೇ ಗೂಬೆ ಇದ್ದರೆ ‘ಗೂಬೆ’ ಅಂತ ಹೇಳಿ ಮುಂದೆ ಹೋಗುತ್ತೇವೆ. ಎರಡಿದ್ದರೆ ಕಣ್ಣು ತಾನಾಗಿಯೇ ವ್ಯತ್ಯಾಸ ಹುಡುಕುತ್ತದೆ. ಆ ಚಪ್ಪಲಿಗಳನ್ನೇ ನೋಡಿ. ಒಂದೇ ದಿನ ಕೊಂಡದ್ದು, ಒಬ್ಬನೇ ಮೆಟ್ಟಿದ್ದು. ಆದರೂ ಎಡಗಾಲಿನದರ ಹಿಮ್ಮಡಿ ಹೊರಬದಿಗೆ ಸವೆದು ಓರೆಯಾಗಿದೆ. ಬಲಗಾಲಿನದರ ಉಂಗುಟಕ್ಕೆ ಬೇರೆ ಬಣ್ಣದ ದಾರದ ಹೊಲಿಗೆ. ಒಂದೇ ಚಪ್ಪಲಿ ಬಿದ್ದಿದ್ದರೆ ಇಷ್ಟು ನೋಡುತ್ತಿದ್ದೆನಾ?

ಬಸವನಪಾದ ಮರದ ಎಲೆಯೂ ನನ್ನ ಲೆಕ್ಕದಲ್ಲಿ ಜೋಡಿಯೇ. ಒಂದೇ ಎಲೆ, ತುದಿ ಸೀಳಿ ಎರಡಾಗಿದೆ. ಈ ಕುಲಕ್ಕೆ ‘ಬೌಹಿನಿಯ’ ಅಂತ ಹೆಸರಿಟ್ಟದ್ದು ಬೌಹಿನ್ ಮನೆತನದ ಇಬ್ಬರು ಸಸ್ಯಶಾಸ್ತ್ರಜ್ಞರ ನೆನಪಿಗೆ. ಅವರು ಅಣ್ಣ ತಮ್ಮ, ದೊಡ್ಡಮ್ಮ. ಗಂಡ ಹೆಂಡತಿ ಅಲ್ಲ.

ಒಂಟಿ ಹಕ್ಕಿಯನ್ನೂ ತೆಗೆಯುತ್ತೇನೆ, ಅದು ದಾಂಡೇಲಿಯ ಮಂಗಟ್ಟೆ (ಹಾರ್ನ್‌ಬಿಲ್) ಆಗಿದ್ದರೆ. ಬೇಸಿಗೆಯಲ್ಲಿ ಹೆಣ್ಣು ಮೊಟ್ಟೆ ಇಡಲು ಪೊಟರೆ ಹೊಕ್ಕು, ಪೊಟರೆಯ ಬಾಯಿ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಗಂಡು ಗಂಟಲಲ್ಲಿ ತುಂಬಿ ತಂದ ಹಣ್ಣನ್ನು ಒಂದೊಂದಾಗಿ ಕಕ್ಕಿ ಒಳಗೆ ಕೊಡುತ್ತದೆ. ಫೋಟೋದಲ್ಲಿ ಕಾಣುವುದು ಒಂದೇ ಹಕ್ಕಿ. ‘ಜೋಡಿ ಎಲ್ಲಿ?’ ಅಂತ ಕೇಳಬೇಡಿ, ಸೀಳು ನೋಡಿ.

ಇನ್ನು, ‘ಜೋಡಿ ಫೋಟೋ ಚೆನ್ನಾಗಿ ತೆಗೀತೀಯಲ್ಲ, ನಮ್ಮ ಹುಡುಗನ ಮದುವೆಗೂ ಬಾ’ ಅನ್ನುವವರಿಗೆ: ಬರುತ್ತೇನೆ, ಊಟಕ್ಕೆ. ಕ್ಯಾಮೆರಾ ತರುವುದಿಲ್ಲ.