ಚಾಂದೋರ್‌ನ ಹಳೆಯ ಮನೆ, ಹಿತ್ತಲಿನ ಪರಂಗಿ ಗಿಡ

ಅವ್ವ ಧಾರವಾಡದಿಂದ, ಅತ್ತೆ ಮೈಸೂರಿನಿಂದ, ಇಬ್ಬರೂ ಒಂದೇ ವಾರದಲ್ಲಿ ಮಡಗಾಂವ್‌ಗೆ ಬಂದಿದ್ದರು. ಫೆಬ್ರವರಿ ತಿಂಗಳು. ಸಮುದ್ರ ನೋಡಿ ಆಗಿತ್ತು. ಮಂಗೇಶಿ, ಶಾಂತಾದುರ್ಗೆ ದರ್ಶನವೂ ಮುಗಿದಿತ್ತು. "ಇನ್ನೇನೈತಿ ನಿಮ್ಮ ಗೋವಾದಾಗ?" ಅಂತ ಅವ್ವ ಕೇಳಿದ ಕೂಡಲೇ ನನಗೆ ನೆನಪಾಗಿದ್ದು ಚಾಂದೋರ್. ಆರು ವರ್ಷದಿಂದ ಇಲ್ಲೇ ಸಂಸಾರ ಮಾಡುತ್ತಿದ್ದೇನೆ, ಆ ಊರಿಗೆ ನಾಲ್ಕು ಸಲ ಹೋಗಿಬಂದಿದ್ದೇನೆ. ಇವರಿಬ್ಬರನ್ನೂ ಕರೆದುಕೊಂಡು ಹೋಗಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಆ ಊರಿಗೂ ನಮಗೂ ಹಳೆಯ ನೆಂಟಸ್ತಿಕೆ ಇದೆ.

ಬಸ್ ಸ್ಟ್ಯಾಂಡಿನಲ್ಲೇ ಅದರ ಗುರುತು ಸಿಕ್ಕಿತು. ನಿಂತಿದ್ದ ಬಸ್ಸಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅತ್ತೆ ಕೂಡಿಸಿಕೊಂಡು ಓದಿದರು. "ಕ-ದಂ-ಬ. ಇದು ನಮ್ಮ ಬನವಾಸಿ ಕದಂಬರ ಹೆಸರೇನಮ್ಮಾ?" ಹೌದು. ಬನವಾಸಿ ವಂಶದವರು ಅಂತ ಹೇಳಿಕೊಂಡ ಗೋವಾ ಕದಂಬರು ಇಲ್ಲಿ ಆಳಿದರು. 1980ರಲ್ಲಿ ಶುರುವಾದ ಸರಕಾರಿ ಬಸ್ ನಿಗಮಕ್ಕೆ ಅವರದೇ ಹೆಸರಿಟ್ಟಿದ್ದಾರೆ. ಆ ಕದಂಬರ ರಾಜಧಾನಿ ಚಂದ್ರಪುರ. ಕುಶಾವತಿ ನದಿ ದಂಡೆಯ ಆ ಚಂದ್ರಪುರವೇ ಇವತ್ತಿನ ಚಾಂದೋರ್. ಹನ್ನೊಂದನೇ ಶತಮಾನದಲ್ಲಿ ಒಂದನೇ ಜಯಕೇಶಿ ಅಲ್ಲಿಂದ ಗೋಪಕಪಟ್ಟಣಕ್ಕೆ ರಾಜಧಾನಿ ಬದಲಾಯಿಸಿದ. ಅವರಿಗೆ ಇನ್ನೊಂದು ರಾಜಧಾನಿಯೂ ಇತ್ತು, ಖಾನಾಪುರದ ಹತ್ತಿರದ ಹಲಸಿ. ಹಲಸಿ ಅಂದ ಕೂಡಲೇ ಅವ್ವನ ಮುಖ ಅರಳಿತು. ಅಲ್ಲಿಯ ನರಸಿಂಹ ದೇವರಿಗೆ ಅವಳು ನಡೆದುಕೊಳ್ಳುತ್ತಾಳೆ.

ನಾವು ಹತ್ತಿದ್ದು ಮಾತ್ರ ಒಂದು ಸಣ್ಣ ಖಾಸಗಿ ಬಸ್. ಗದ್ದೆ, ತೆಂಗು, ಮತ್ತೆ ಗದ್ದೆ. ಮಾವು ಹೂ ಬಿಟ್ಟಿತ್ತು.

ಚಾಂದೋರ್‌ನ ಚರ್ಚಿನ ಬಯಲಿಗೆ ಮುಖ ಮಾಡಿಕೊಂಡು ಮೆನೆಜೆಸ್ ಬ್ರಗಾಂಜಾ ಮನೆ ನಿಂತಿದೆ. ಉದ್ದಕ್ಕೂ ಕಿಟಕಿಗಳ ಸಾಲು. ಅತ್ತೆ ನಿಂತಲ್ಲೇ ಎಣಿಸಿದರು, ಇಪ್ಪತ್ನಾಲ್ಕು. ಹದಿನೇಳನೇ ಶತಮಾನದಲ್ಲಿ ಶುರುವಾಗಿ ಆಮೇಲೆ ಬೆಳೆಯುತ್ತಾ ಹೋದ ಮನೆ ಇದು. ಈಗ ನಡುವೆ ಎರಡು ಪಾಲಾಗಿದೆ. ಪಶ್ಚಿಮದ ಪಾಲು ಮೆನೆಜೆಸ್ ಬ್ರಗಾಂಜಾ ಮನೆತನದ್ದು, ಪೂರ್ವದ್ದು ಪೆರೇರಾ ಬ್ರಗಾಂಜಾ ಮನೆತನದ್ದು. ಸರಕಾರದ ಮ್ಯೂಸಿಯಂ ಅಲ್ಲ, ಮನೆಯವರೇ ನೋಡಿಕೊಳ್ಳುತ್ತಾರೆ. ನೋಡಲು ಬಂದವರು ಕೊಡುವ ಹಣ ರಿಪೇರಿಗೆ ಹೋಗುತ್ತದೆ. ದಯವಿಟ್ಟು ಕೈ ಬಿಚ್ಚಿ ಕೊಡಿ. ಇಷ್ಟು ದೊಡ್ಡ ಮಾಡಿನ ಹೆಂಚು ಪ್ರತಿ ಮಳೆಗಾಲವೂ ಏನು ಕೇಳುತ್ತದೆ ಅನ್ನೋದು ಹಳೆ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ಕಾಯುವಾಗ ಒಳಗೆ ಯಾರೋ ಕೊಂಕಣಿಯಲ್ಲಿ "ಚಾವಿ" ಅಂತ ಕೂಗಿದರು. ಅವ್ವ ನನ್ನ ಕೈ ಹಿಡಿದು ಕೇಳಿದಳು, "ಚಾವಿ ಅಂದ್ರಲ್ಲ, ಇವರಿಗೆ ಕನ್ನಡ ಬರ್ತದೇನು?" ಅದು ಪೋರ್ಚುಗೀಸ್ ಮಾತು ಅವ್ವಾ, ಅವರೂ ನಾವೂ ಇಬ್ಬರೂ ಅಲ್ಲಿಂದಲೇ ತಗೊಂಡಿದ್ದು ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ನಮ್ಮಜ್ಜಿ ಸೊಂಟಕ್ಕ ಸಿಗಿಸಿಕೊಳ್ತಿದ್ಲಲ್ಲ ಚಾವಿ!" ಅಲ್ಲಿಂದ ಶುರುವಾಯಿತು ನಮ್ಮ ಮಾತಿನ ಬೇಟೆ. ಒಳಗೆ ಪುಸ್ತಕದ ಕಪಾಟು ನೋಡಿ ಅತ್ತೆ ಅಲಮಾರು ಅಂದರು. ಅದೂ ಪೋರ್ಚುಗೀಸರದ್ದೇ. ಬಟಾಟೆ, ಅನಾನಸ್, ಪಾದ್ರಿ, ಎಲ್ಲವೂ ಒಂದೊಂದಾಗಿ ಹೊರಬಂದವು.

ಆ ಪುಸ್ತಕಗಳ ಕೋಣೆ ನನಗೆ ಅತಿ ಪ್ರೀತಿಯ ಜಾಗ. ಸುಮಾರು 5,000 ಪುಸ್ತಕಗಳಿವೆ. ಹೆಚ್ಚಿನವನ್ನು ಕೂಡಿಹಾಕಿದವರು ಈ ಮನೆಯ ಲೂಯಿಸ್ ದೆ ಮೆನೆಜೆಸ್ ಬ್ರಗಾಂಜಾ. 1878ರಲ್ಲಿ ಚಾಂದೋರ್‌ನಲ್ಲೇ ಹುಟ್ಟಿದವರು. 1900ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಗೆಳೆಯರೊಬ್ಬರ ಜೊತೆ ಸೇರಿ 'ಓ ಹೆರಾಲ್ಡೊ' ದಿನಪತ್ರಿಕೆ ಶುರುಮಾಡಿದರು. ಪೋರ್ಚುಗೀಸ್ ಭಾಷೆಯಲ್ಲೇ ಪೋರ್ಚುಗೀಸ್ ಆಳ್ವಿಕೆಯನ್ನು ಪ್ರಶ್ನಿಸಿದರು. 1930ರಲ್ಲಿ ಲಿಸ್ಬನ್ ಸರಕಾರ ವಸಾಹತು ಕಾಯ್ದೆ ತಂದಾಗ, ಗೋವಾದ ಜನಕ್ಕೆ ತಮ್ಮನ್ನು ತಾವು ಆಳಿಕೊಳ್ಳುವ ಹಕ್ಕಿದೆ ಅಂತ ಸರಕಾರಿ ಸಭೆಯಲ್ಲೇ ಎದ್ದುನಿಂತು ಠರಾವು ಮಂಡಿಸಿದರು. 1938ರಲ್ಲಿ ತೀರಿಕೊಂಡರು. ಗೋವಾದ ರಾಷ್ಟ್ರೀಯತೆಯ ಪಿತಾಮಹ ಅನ್ನಿಸಿಕೊಂಡ ತ್ರಿಸ್ತಾಂವ್ ಬ್ರಗಾಂಜಾ ಕುನ್ಹಾ ಕೂಡ 1891ರಲ್ಲಿ ಇದೇ ಊರಲ್ಲಿ ಹುಟ್ಟಿದ್ದು. 1950ರಲ್ಲಿ ಈ ಮನೆಯವರು ಊರೇ ಬಿಡಬೇಕಾಯಿತು. ವಾಪಸ್ ಬಂದದ್ದು ಗೋವಾ ಬಿಡುಗಡೆಯಾದ ಮೇಲೆ.

ಆಚೆ ಪಾಲಿನಲ್ಲಿ ನೃತ್ಯದ ದೊಡ್ಡ ಹಾಲ್ ಇದೆ. ನೆಲಕ್ಕೆ ಇಟಲಿಯ ಅಮೃತಶಿಲೆ, ಮೇಲೆ ಬೆಲ್ಜಿಯಂ ಗಾಜಿನ ತೂಗುದೀಪಗಳು. ಪೋರ್ಚುಗಲ್ ರಾಜ ದೊಮ್ ಲೂಯಿಸ್ ಕೊಟ್ಟ ಎರಡು ಎತ್ತರದ ಕುರ್ಚಿಗಳಿವೆ. ಮನೆಯೊಳಗಿನ ಪ್ರಾರ್ಥನಾ ಮಂದಿರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಉಗುರನ್ನು ಕಾಪಾಡಿಕೊಂಡು ಬಂದಿದ್ದಾರೆ. ಅತ್ತೆ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದರು. ಒಂದೇ ಮಾಡಿನ ಕೆಳಗೆ ಆ ಕಡೆ ರಾಜನ ಕುರ್ಚಿ, ಈ ಕಡೆ ರಾಜ್ಯವನ್ನೇ ಎದುರು ಹಾಕಿಕೊಂಡವರ ಪುಸ್ತಕ. ಪ್ರತಿ ಸಲ ಬಂದಾಗಲೂ ನಾನು ಆ ನಡುಗೋಡೆಯ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತೇನೆ.

ದೊಡ್ಡಮನೆ ಕಣ್ಣು ತುಂಬುತ್ತದೆ ನಿಜ. ಆದರೆ ಅವ್ವ, ಅತ್ತೆ ಇಬ್ಬರೂ ನಿಜವಾಗಿ ಕರಗಿದ್ದು ಒಳಗಿನ ಓಣಿಯ ಚಿಕ್ಕ ಮನೆಯಲ್ಲಿ. ನನ್ನ ಜೊತೆ ಕೆಲಸ ಮಾಡುವ ಗೆಳತಿಯ ದೊಡ್ಡಮ್ಮನ ಮನೆ ಅದು. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಮುಂದೆ ಕಲ್ಲಿನ ಆಸನಗಳಿರುವ ಜಗಲಿ. ಇದಕ್ಕೆ ಇಲ್ಲಿ ಬಾಲ್ಕಾಂವ್ ಅಂತಾರೆ. ಸಂಜೆ ಅಲ್ಲಿ ಕೂತರೆ ಓಣಿಯಲ್ಲಿ ಹೋಗಿಬರುವವರೆಲ್ಲ ಮಾತಾಡಿಸಿಕೊಂಡೇ ಹೋಗಬೇಕು.

ಒಂದು ಕೋಣೆಯ ಕಿಟಕಿಗೆ ಗಾಜಿನ ಬದಲು ಸಿಂಪಿ ಇತ್ತು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋವಾದಲ್ಲೆಲ್ಲ ಹೀಗೇ ಮಾಡುತ್ತಿದ್ದರು. ಸಮುದ್ರದ ಚಪ್ಪಟೆ ಸಿಂಪಿ, ಒಂದೊಂದೂ ಅಂಗೈಗಿಂತ ಚಿಕ್ಕದು. ಅಂಚು ಕತ್ತರಿಸಿ ಚೌಕ ಮಾಡಿ, ಮರದ ಸಣ್ಣ ಪಟ್ಟಿಗಳ ನಡುವೆ ಜಾರಿಸಿ ಕೂರಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಒಳಗೆ ಕೂದಲಿನಷ್ಟು ತೆಳ್ಳಗಿನ ಗೆರೆಗಳು. ಹೊರಗೆ ಉರಿಬಿಸಿಲು, ಒಳಗೆ ಬೀಳೋದು ಮಾತ್ರ ಮಜ್ಜಿಗೆ ತಿಳಿಯಂಥ ಬೆಳಕು. ಅವ್ವ ಬೆರಳಿನಿಂದ ಒಂದನ್ನು ಮೆಲ್ಲಗೆ ತಟ್ಟಿದಳು. ಉಗುರು ತಟ್ಟಿದ ಹಾಗೆ ಸಪ್ಪಳ ಬಂತು.

ಆಂಟಿಗೆ ಕನ್ನಡ ಬಾರದು, ಇವರಿಬ್ಬರಿಗೆ ಕೊಂಕಣಿ ಬಾರದು. ನನ್ನದು ಅರೆಬರೆ ಕೊಂಕಣಿ. ಆದರೂ ಹಿತ್ತಲಿಗೆ ಕಾಲಿಟ್ಟ ಮೇಲೆ ನನ್ನ ಕೆಲಸ ಕಡಿಮೆಯಾಯಿತು. ಸೀಬೆ ಗಿಡದ ಹತ್ತಿರ ನಿಂತು ಆಂಟಿ "ಪೇರ್" ಅಂದರು. "ಹೌದಲ್ರಿ, ಪೇರಲ!" ಅಂತ ಅವ್ವ ಕೂಗಿದಳು. ಪರಂಗಿ ಗಿಡ ಕಂಡಾಗ ಸರದಿ ಅತ್ತೆಯದು. "ನಮ್ ಕಡೆ ಪರಂಗಿ ಹಣ್ಣು ಅಂತೀವಿ ಬೀಗರೇ. ಪರಂಗಿಯವರು ತಂದಿದ್ದು ಅಂತಾನೇ ಆ ಹೆಸರಂತೆ." ಪರಂಗಿಯವರು ಅಂದರೆ ಈ ಪೋರ್ಚುಗೀಸರೇ ಅಲ್ವಾ. ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಪಪ್ಪಾಯಿ, ಗೇರು, ಅನಾನಸ್, ಮೆಣಸಿನಕಾಯಿ ಎಲ್ಲಾ ಈ ಕರಾವಳಿಯಲ್ಲಿ ಇಳಿದು, ಘಟ್ಟ ಹತ್ತಿ ನಮ್ಮ ಕಡೆ ಬಂದವು. ಅದಕ್ಕೂ ಮೊದಲು ನಮಗೆ ಖಾರ ಅಂದರೆ ಕಾಳುಮೆಣಸೇ. ಇದನ್ನು ಕೇಳಿ ಅವ್ವ ನಿಜವಾಗಿಯೂ ನೊಂದುಕೊಂಡಳು. "ಮೆಣಸಿನಕಾಯಿ ಇಲ್ಲದ ಹ್ಯಾಂಗ ಅಡಿಗಿ ಮಾಡ್ತಿದ್ರವ್ವಾ ಆಗಿನ ಮಂದಿ?" ಬ್ಯಾಡಗಿ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು ಅವಳು.

ಬಾವಿಯ ಪಕ್ಕ ಕೋಕಂ ಮರ ಇತ್ತು. ಹಣ್ಣಿಗೆ ಇನ್ನೂ ಎರಡು ತಿಂಗಳು ಬೇಕು. ಆದರೆ ಆಂಟಿ ಹೋದ ವರ್ಷದ ಒಣ ಸಿಪ್ಪೆಯ ಡಬ್ಬಿ ತೆರೆದು ತೋರಿಸಿದರು. ಹಣ್ಣು ಒಡೆದು ಸಿಪ್ಪೆ ಬಿಸಿಲಿಗೆ ಹಾಕಬೇಕು. ಒಣಗಿದ್ದನ್ನು ಉಪ್ಪು ಬೆರೆಸಿದ ಅದರದೇ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ. ಮತ್ತೆ ಅದ್ದಿ ಮತ್ತೆ ಬಿಸಿಲಿಗೆ. ಹೀಗೆ ಮಾಡುತ್ತಾ ಹೋದರೆ ಸಿಪ್ಪೆ ಕಪ್ಪಾಗಿ, ಮೆತ್ತಗೆ, ಅಂಟಂಟಾಗಿ ಬರುತ್ತದೆ. ಆಂಟಿಯ ಬೆರಳ ತುದಿ ಆ ಬಣ್ಣಕ್ಕೇ ತಿರುಗಿತ್ತು. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಜಗಲಿಯ ಮುಂದಿನ ಪಾತಿಯಲ್ಲಿ ಕೇಸರಿ ಬಣ್ಣದ ಹೂವು. ಆಂಟಿ "ಅಬೋಲಿ" ಅಂದರು. ಅವ್ವ ಅಬ್ಬಲಿಗಿ ಅಂದಳು, ಅತ್ತೆ ಕನಕಾಂಬರ ಅಂದರು. ಆಂಟಿ ಎರಡು ಹಿಡಿ ಬಿಡಿಸಿ ಬಾಳೆ ಎಲೆಯಲ್ಲಿ ಕಟ್ಟಿ ಅವ್ವನ ಕೈಗಿಟ್ಟರು.

ವಾಪಸ್ ಬರುವ ಮೊದಲು ಇನ್ನೊಂದು ಕಡೆ ಕರೆದುಕೊಂಡು ಹೋದೆ. ಹಳೆಯ ಕೋಟೆ ಇದ್ದ ಜಾಗದಲ್ಲಿ ಒಂದು ಶಿವನ ಗುಡಿಯ ಅಡಿಪಾಯ ಉಳಿದಿದೆ. 1929ರಲ್ಲಿ ಪಾದ್ರಿಯೂ ಇತಿಹಾಸಕಾರರೂ ಆದ ಹೆನ್ರಿ ಹೆರಾಸ್ ಅಲ್ಲಿ ಅಗೆದು ನೋಡಿದ್ದರು. ಪ್ರವಾಸಿಗಳು ಆ ಕಡೆ ಹೋಗೋದು ಕಡಿಮೆ. ಗುಡಿ ಇಲ್ಲ, ಲಿಂಗ ಇಲ್ಲ. ಒಂದು ಕಲ್ಲಿನ ಬಸವಣ್ಣ ಮಾತ್ರ ಕೂತಿದ್ದಾನೆ, ತಲೆ ಇಲ್ಲ.

ಅತ್ತೆ ಬಿಸಿಲಲ್ಲೇ ಸೆರಗು ಹೊದ್ದು ಒಂದು ಸುತ್ತು ಬಂದರು. ಅವ್ವ ಬಾಳೆ ಎಲೆ ಬಿಚ್ಚಿದಳು. ಹೂವು ಏರಿಸಬೇಕು, ಆದರೆ ಕೋಡಿಲ್ಲ, ಹಣೆಯಿಲ್ಲ. "ಎಲ್ಲಿ ಇಡ್ಲೇ?" ಅಂತ ನನ್ನನ್ನು ಕೇಳಿದಳು. ನನಗೂ ತಿಳಿಯಲಿಲ್ಲ. ಕೊನೆಗೆ ಅವಳೇ ಬೆನ್ನ ಮೇಲಿನ ಒಣಗಿದ ಎಲೆಗಳನ್ನು ಸೆರಗಿನಿಂದ ಒರೆಸಿ, ಅಬ್ಬಲಿಗೆಯನ್ನು ಅಲ್ಲಿ ಹರಡಿದಳು. ಗಾಳಿಗೆ ಹಾರಿ ಹೋಗದಿರಲಿ ಅಂತ ಮೇಲೊಂದು ಸಣ್ಣ ಕಲ್ಲು ಇಟ್ಟಳು.