ಐರ್ಲೆಂಡ್‌ನಲ್ಲಿ ಹಿರಿಯರ ಹುಡುಕಾಟ: ಮೊದಲು ಕಾಗದ, ಆಮೇಲೆ ಕಲ್ಲು

ನನ್ನ ಗಂಡ ಬೋಸ್ಟನ್‌ನವರು. ಅವರ ಹಿರಿಯರು ಐರ್ಲೆಂಡ್‌ನ ಕಾರ್ಕ್ ಕೌಂಟಿಯ ಪಶ್ಚಿಮ ಮೂಲೆಯಿಂದ ಹಡಗು ಹತ್ತಿದವರು. ಮನೆತನದ ಹೆಸರು ಡ್ರಿಸ್ಕಾಲ್. ಅವರ ಬೇರು ಹುಡುಕಿಕೊಂಡು ನಾವಿಬ್ಬರೂ ಅಲ್ಲಿನ ಸ್ಕಿಬರೀನ್ ಪಟ್ಟಣದ ಕಡೆ ಹೋಗಿ ಬಂದೆವು. ಐರಿಷ್ ಮನೆಗೆ ಸೊಸೆಯೋ ಅಳಿಯನೋ ಆಗಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ನೀವೂ ಹೊರಡುವ ಯೋಚನೆಯಲ್ಲಿದ್ದರೆ ಒಂದೇ ಮಾತು: ಟೌನ್‌ಲ್ಯಾಂಡ್ ಹೆಸರು ಸಿಗುವವರೆಗೆ ಟಿಕೆಟ್ ಬುಕ್ ಮಾಡಬೇಡಿ.

ಟೌನ್‌ಲ್ಯಾಂಡ್ ಅಂದರೆ ಅಲ್ಲಿನ ಅತಿ ಚಿಕ್ಕ ಭೂ ವಿಭಾಗ. ಕೆಲವು ಹೊಲ, ನಾಲ್ಕಾರು ಮನೆ, ಅಷ್ಟೇ. ಐರ್ಲೆಂಡ್ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ‘ಕೌಂಟಿ ಕಾರ್ಕ್’ ಅಂತ ಮಾತ್ರ ಗೊತ್ತಿದ್ದರೆ ಏನೂ ಗೊತ್ತಿಲ್ಲ ಅಂತಲೇ ಲೆಕ್ಕ, ಯಾಕೆಂದರೆ ಅಲ್ಲಿ ಎಲ್ಲಿ ನೋಡಿದರೂ ಡ್ರಿಸ್ಕಾಲ್, ಸಲಿವನ್, ಮೆಕಾರ್ಥಿಗಳೇ. ಊರಿನ ಸುಳಿವು ಹೆಚ್ಚಾಗಿ ಸಿಗುವುದು ಐರ್ಲೆಂಡ್‌ನಲ್ಲಲ್ಲ, ವಲಸೆ ಹೋದ ಕಡೆ. ಅಮೆರಿಕದ ಮರಣ ಪತ್ರದಲ್ಲಿ ಬರೀ ‘ಐರ್ಲೆಂಡ್’ ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ಆದರೆ ಅಲ್ಲಿನ ಚರ್ಚ್‌ನ ಮದುವೆ ರಿಜಿಸ್ಟರ್, ಪತ್ರಿಕೆಯಲ್ಲಿ ಬಂದ ಮರಣ ವಾರ್ತೆ, ಅಲ್ಲಿನ ಸಮಾಧಿ ಕಲ್ಲು, ಇವುಗಳಲ್ಲಿ ಕೆಲವೊಮ್ಮೆ ಹುಟ್ಟೂರಿನ ಹೆಸರಿರುತ್ತದೆ. ‘ಬೋಸ್ಟನ್ ಪೈಲಟ್’ ಪತ್ರಿಕೆಯಲ್ಲಿ 1831ರಿಂದ 1921ರವರೆಗೆ ಕಳೆದುಹೋದ ಬಂಧುಗಳನ್ನು ಹುಡುಕುವ ಜಾಹೀರಾತುಗಳು ಬರುತ್ತಿದ್ದವು. ‘ಇಂಥ ಪ್ಯಾರಿಷ್‌ನಿಂದ ಬಂದ ನನ್ನ ತಮ್ಮ ಎಲ್ಲಿದ್ದಾನೆ’ ಅಂತ ಕೇಳುವಂಥವು. (ಪ್ಯಾರಿಷ್ ಅಂದರೆ ಒಂದು ಚರ್ಚ್ ವ್ಯಾಪ್ತಿಗೆ ಸೇರಿದ ಪ್ರದೇಶ.) ಓದುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಇನ್ನು ಚರ್ಚ್ ದಾಖಲೆ. 1922ರಲ್ಲಿ ಐರ್ಲೆಂಡ್‌ನ ಅಂತರ್ಯುದ್ಧ ಶುರುವಾದಾಗ ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ದಾಖಲೆಗಳ ಕಚೇರಿ ಸ್ಫೋಟವಾಗಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹೋಯಿತು. ಅಲ್ಲಿಟ್ಟಿದ್ದ ಪ್ರಾಟೆಸ್ಟೆಂಟ್ ಚರ್ಚ್ ರಿಜಿಸ್ಟರ್‌ಗಳು ಹೋದವು. ಕ್ಯಾಥೊಲಿಕ್ ರಿಜಿಸ್ಟರ್‌ಗಳು ಉಳಿದಿದ್ದು ಅವು ಆ ಕಚೇರಿಗೆ ಹೋಗಿರಲೇ ಇಲ್ಲ ಅನ್ನುವ ಕಾರಣಕ್ಕೆ. ಆಯಾ ಪ್ಯಾರಿಷ್‌ನ ಪಾದ್ರಿಗಳ ಬಳಿಯೇ ಇದ್ದವು. ಸುಮಾರು 1880ರವರೆಗಿನ ಪುಟಗಳ ಚಿತ್ರಗಳನ್ನು ಐರ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್‌ಗೆ ಹಾಕಿದೆ, ಪೂರ್ತಿ ಉಚಿತ. ಕಾರ್ಕ್ ಮತ್ತು ರಾಸ್ ಡಯಾಸಿಸ್ (ಬಿಷಪ್ ಕೆಳಗಿನ ಪ್ಯಾರಿಷ್‌ಗಳ ಗುಂಪು), ಕೆರಿ, ಡಬ್ಲಿನ್ ಕಡೆಯವರಾದರೆ ಐರಿಷ್‌ಜೀನಿಯಾಲಜಿ ಎಂಬ ಸರ್ಕಾರಿ ತಾಣದಲ್ಲಿ ಹೆಸರು ಹಾಕಿಯೂ ಹುಡುಕಬಹುದು. ಇದಕ್ಕೂ ಕಾಸು ಬೇಡ. ದುಡ್ಡು ಕೇಳುವ ತಾಣಗಳಿಗೆ ಮೊದಲೇ ಚಂದಾ ಕಟ್ಟಬೇಡಿ.

ಪುಟ ತೆರೆದರೆ ಗಾಬರಿಯಾಗಬೇಡಿ. ಮಾಸಿದ ಶಾಯಿ, ಕಾಗೆ ಕಾಲಿನ ಅಕ್ಷರ, ಎಷ್ಟೋ ಕಡೆ ಲ್ಯಾಟಿನ್. ಜೇಮ್ಸ್ ಅಲ್ಲಿ ‘ಜಾಕೋಬಸ್’, ವಿಲಿಯಂ ‘ಗುಲಿಯೆಲ್ಮಸ್’. ಮನೆತನದ ಹೆಸರಿನ ಮುಂದಿನ ‘ಓ’ (ಓ’ಡ್ರಿಸ್ಕಾಲ್‌ನಲ್ಲಿರುವಂಥದ್ದು) ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಮಗುವಿನ ಜ್ಞಾನಸ್ನಾನದ ಸಾಲಿನಲ್ಲಿ ಎಲ್ಲರೂ ಅಪ್ಪ ಅಮ್ಮನ ಹೆಸರು ಮಾತ್ರ ನೋಡುತ್ತಾರೆ. ನೀವು ಜ್ಞಾನ ತಂದೆ, ಜ್ಞಾನ ತಾಯಿಯರ (ಗಾಡ್‌ಫಾದರ್, ಗಾಡ್‌ಮದರ್) ಹೆಸರನ್ನೂ ಬರೆದುಕೊಳ್ಳಿ. ಅವರು ಸಾಮಾನ್ಯವಾಗಿ ಚಿಕ್ಕಪ್ಪ, ಅತ್ತೆ, ಇಲ್ಲವೇ ಪಕ್ಕದ ಮನೆಯವರು. ಒಂದೇ ಹೆಸರಿನ ಮೂವರು ಜಾನ್‌ಗಳಲ್ಲಿ ನಮ್ಮವನು ಯಾರು ಅಂತ ಬೇರ್ಪಡಿಸಿದ್ದು ಈ ಹೆಸರುಗಳೇ. ಇನ್ನೊಂದು ಗುರುತು ನಮಗೆ ಸಲೀಸು: ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಹಾಗೆ ಅಲ್ಲೂ ಮೊದಲ ಗಂಡುಮಗುವಿಗೆ ತಂದೆಯ ತಂದೆ, ಎರಡನೆಯದಕ್ಕೆ ತಾಯಿಯ ತಂದೆಯ ಹೆಸರು ಇಡುವ ರೂಢಿಯಿತ್ತು. ಕಟ್ಟುನಿಟ್ಟಿನ ನಿಯಮವಲ್ಲ, ಸುಳಿವು ಮಾತ್ರ.

ವಯಸ್ಸನ್ನು ಮಾತ್ರ ಯಾವ ಕಾಗದದಲ್ಲೂ ನಂಬಬೇಡಿ. ಸಂಪೂರ್ಣವಾಗಿ ಉಳಿದಿರುವ ಹಳೆಯ ಜನಗಣತಿಗಳು 1901 ಮತ್ತು 1911ರವು. ಈ ಹತ್ತು ವರ್ಷದಲ್ಲಿ ಎಷ್ಟೋ ಅಜ್ಜ ಅಜ್ಜಿಯರ ವಯಸ್ಸು ಹದಿನೈದು ವರ್ಷ ಏರಿಬಿಟ್ಟಿದೆ! ನಡುವೆ 1909ರಲ್ಲಿ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುವಾಗಿತ್ತು, ಅದಕ್ಕಾಗಿ ವಯಸ್ಸು ಏರಿಸಿ ಹೇಳಿದವರು ಎಷ್ಟೋ. ಎಲ್ಲರ ಜನನ ನೋಂದಣಿ ಆರಂಭವಾಗಿದ್ದೇ 1864ರಲ್ಲಿ. ಹಾಗಾಗಿ ಅವರ ಬಳಿ ಜನನ ಪತ್ರ ಎಲ್ಲಿರಬೇಕು, ಅಲ್ವಾ?

1845–52ರ ಮಹಾಕ್ಷಾಮದ ಹೊತ್ತಿಗೆ ಮತ್ತು ಅದರ ನಂತರ ಯಾರು ಯಾವ ಹೊಲದಲ್ಲಿದ್ದರು ಅನ್ನುವುದಕ್ಕೆ 1847ರಿಂದ 1864ರ ನಡುವೆ ತೆರಿಗೆಗಾಗಿ ಮಾಡಿದ ಗ್ರಿಫಿತ್ ಭೂ ಮೌಲ್ಯಮಾಪನ ನೋಡಿ. ನಕ್ಷೆಯೂ ಇದೆ. ಅದರ ಮೇಲೆ ಗುರುತು ಹಾಕಿಕೊಂಡರೆ ನಿಮ್ಮ ಪ್ರವಾಸದ ದಾರಿ ಸಿದ್ಧ.

ವೀಸಾ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದರೆ ಐರ್ಲೆಂಡ್ ವೀಸಾ ಬೇಕು. ಗಂಡನದು ಅಮೆರಿಕದ ಪಾಸ್‌ಪೋರ್ಟ್, ನನ್ನದು ಗ್ರೀನ್ ಕಾರ್ಡ್ ಅಂತ ನಿಶ್ಚಿಂತೆಯಿಂದ ಇರಬೇಡಿ, ಗ್ರೀನ್ ಕಾರ್ಡ್ ಇದ್ದರೂ ಬೇಕು. ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ.

ಕಾರ್ಕ್ ನಗರದಿಂದ ಸ್ಕಿಬರೀನ್‌ಗೆ ಬಸ್ ಇದೆ. ಆದರೆ ಸ್ಮಶಾನಗಳು ಒಳದಾರಿಗಳಲ್ಲಿರುವುದರಿಂದ ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ವಾಸಿ. ಚಿಕ್ಕ ಕಾರು ತೆಗೆದುಕೊಳ್ಳಿ. ದಾರಿ ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಊರಿಗೆ ಹೋದ ಮೇಲೆ ಮೊದಲು ಸ್ಕಿಬರೀನ್ ಹೆರಿಟೇಜ್ ಸೆಂಟರ್‌ಗೆ ಹೋಗಿ. ಸುತ್ತಲಿನ ಹಳೆಯ ಸ್ಮಶಾನಗಳ ಸಮಾಧಿ ದಾಖಲೆಗಳನ್ನು ಸೇರಿಸಿ ಹುಡುಕಲು ಸಿಗುವಂತೆ ಮಾಡಿದ್ದಾರೆ. 1880ರ ನಂತರದ ರಿಜಿಸ್ಟರ್ ಬೇಕಿದ್ದರೆ ಪ್ಯಾರಿಷ್ ಕಚೇರಿಗೆ ವಾರಗಳ ಮುಂಚೆಯೇ ಇಮೇಲ್ ಮಾಡಿ. ಒಬ್ಬರೇ ಫಾದರ್ ಹಲವು ಚರ್ಚ್ ನೋಡಿಕೊಳ್ಳುತ್ತಿರುತ್ತಾರೆ. ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಸಿಗುವುದು ಕಷ್ಟ. ಕೆಲಸವಾದ ಮೇಲೆ ಚರ್ಚ್‌ಗೆ ಕೈಲಾದಷ್ಟು ಕಾಣಿಕೆ ಕೊಡುವುದು ಮರ್ಯಾದೆ.

ಸ್ಮಶಾನದಲ್ಲಿ ಹೆಸರು ಸಿಗಲೇಬೇಕು ಅಂತ ಹಟ ಹಿಡಿಯಬೇಡಿ. ಬಡವರ ಸಮಾಧಿಗೆ ಅಕ್ಷರವಿಲ್ಲದ ಕಾಡುಗಲ್ಲು ಅಷ್ಟೇ. ಅಲ್ಲಿನ ಹೆಚ್ಚಿನ ಕ್ಯಾಥೊಲಿಕ್ ಪ್ಯಾರಿಷ್‌ಗಳು ಹೂಳಿದವರ ಲೆಕ್ಕವನ್ನೂ ಇಟ್ಟಿರಲಿಲ್ಲ. ಸ್ಕಿಬರೀನ್ ಪಕ್ಕದಲ್ಲೇ, ಐಲನ್ ನದಿಯ ದಂಡೆಯ ಅಬ್ಬೀಸ್ಟ್ರೌರಿ ಸ್ಮಶಾನದಲ್ಲಿ ಆ ಮಹಾಕ್ಷಾಮದಲ್ಲಿ ಸತ್ತ 8,000ದಿಂದ 10,000 ಜನರನ್ನು ಗುಂಡಿಗಳಲ್ಲಿ ಹೂತಿದ್ದಾರೆ ಎನ್ನುತ್ತಾರೆ. ಒಬ್ಬರ ಹೆಸರೂ ಇಲ್ಲದ ಹುಲ್ಲುಹಾಸು. ನಮ್ಮವರಲ್ಲೂ ಕೆಲವರು ಅಲ್ಲೇ ಇರಬಹುದು. ಗಂಡ ಅಲ್ಲಿ ಬಹಳ ಹೊತ್ತು ನಿಂತಿದ್ದರು. ನಾನೂ ಅವಸರ ಮಾಡಲಿಲ್ಲ.

ಅಕ್ಷರವಿರುವ ಕಲ್ಲು ಸಿಕ್ಕರೆ ಚಾಕ್, ಹಿಟ್ಟು, ತಂತಿಯ ಬ್ರಷ್ ಏನೂ ಬೇಡ. ಕಲ್ಲು ಹಾಳಾಗುತ್ತದೆ. ಕಲ್ಲಿನ ಒಂದು ಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದರೆ ಅಳಿಸಿಹೋದಂತೆ ಕಾಣುವ ಅಕ್ಷರವೂ ಎದ್ದು ಕಾಣುತ್ತದೆ. ಸಂಜೆಯ ಇಳಿಬಿಸಿಲಾದರೆ ಇನ್ನೂ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಮುಳ್ಳುಗಿಡ, ತುರಿಕೆ ಗಿಡ ಇನ್ನೂ ಬೆಳೆದಿರುವುದಿಲ್ಲ. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಇರಲಿ. ಹೊಲ ದಾಟಿ ಹೋಗಬೇಕಿದ್ದರೆ ರೈತರನ್ನು ಕೇಳಿ, ಗೇಟು ಹಾಕಿಕೊಂಡು ಹೋಗಿ, ದನಗಳಿರುತ್ತವೆ.

ಬದುಕಿರುವ ನೆಂಟರು ಸಿಗಬೇಕು ಅಂತಿದ್ದರೆ ಮಾತ್ರ ಬೇಸಿಗೆಯಲ್ಲಿ ಹೋಗಿ. ಆಗ ಹೆಚ್ಚಿನ ಪ್ಯಾರಿಷ್‌ಗಳಲ್ಲಿ ‘ಸಿಮೆಟ್ರಿ ಸಂಡೇ’ ಅಂತ ಒಂದು ದಿನ ಸ್ಮಶಾನದಲ್ಲೇ ಪ್ರಾರ್ಥನೆ ನಡೆಯುತ್ತದೆ, ದೂರದ ಊರಿನವರೂ ತಮ್ಮವರ ಸಮಾಧಿ ಹತ್ತಿರ ಬಂದು ನಿಲ್ಲುತ್ತಾರೆ. ಪ್ಯಾರಿಷ್‌ಗೊಂದು ದಿನ, ಮೊದಲೇ ವಿಚಾರಿಸಿಕೊಳ್ಳಿ. ಟೌನ್‌ಲ್ಯಾಂಡ್ ಹೆಸರು ಹೇಳಿ ನೋಡಿ. ಯಾರಾದರೊಬ್ಬರು ಆ ಕಡೆಯ ಹಿರಿಯರೊಬ್ಬರ ಬಳಿ ಕರೆದುಕೊಂಡು ಹೋಗಿಯೇ ಹೋಗುತ್ತಾರೆ.